ಅಳಿಯನ ಟ್ರೈಲರು, ಅತ್ತೆಯ ಮೌನ

ಹೈಮಾವತಿ ಅಳಿಯನನ್ನು ಮೊದಲ ಸಲ ಕಂಡದ್ದು ಬಾಗಿಲ ಸಂದಿಯಿಂದ. ಹೆಣ್ಣು ನೋಡಲು ವಿಜಯವಾಡದಿಂದ ಕೊಪ್ಪಳಕ್ಕೆ ಬಂದ ಸೂರ್ಯಪ್ರಕಾಶ, ಹೆಣ್ಣನ್ನು ನೋಡುವುದು ಬಿಟ್ಟು, ತನಗೆ ಕೊಟ್ಟ ಕುರ್ಚಿಯ ಕಾಲು ಅಲುಗುತ್ತದೆಂದು ಅದನ್ನು ತಲೆಕೆಳಗು ಮಾಡಿ ತಂತಿ ಬಿಗಿಯುತ್ತಿದ್ದ. ವಿಜಯವಾಡದ ಆಟೋನಗರದಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ಜೇಬಿನಲ್ಲಿ ಕರ್ಚೀಫು ಇಲ್ಲದಿದ್ದರೂ ತಂತಿ ಇರುತ್ತಿತ್ತು.

"ನಾನು ಬಿಗಿದದ್ದು ಈ ಜನ್ಮದಲ್ಲಿ ಬಿಚ್ಚೋದಿಲ್ಲ!" ಎಂದು ಸಾರಿ, ಕುರ್ಚಿಯನ್ನು ತಂದೆ ಈಶ್ವರಯ್ಯನವರಿಗೆ ಬಿಟ್ಟುಕೊಟ್ಟ. ಅವರು ಕೂತರು. ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೋದವು. ಬೀಗರು ನೇರ ಪಾತಾಳಕ್ಕೆ!

ಹೈಮಾವತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಲ್ಲೇ ಶಪಥವನ್ನೂ ಮಾಡಿದಳು: ಈ ಹುಡುಗ ಅಳಿಯನಾದರೆ ಸಾಯುವತನಕ ಅವನೆದುರು ತುಟಿ ಬಿಚ್ಚುವುದಿಲ್ಲ! ಅವಳ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡಿದ್ದುಂಟೇ? ಅವ್ವ ಮಾತಾಡಿರಲಿಲ್ಲ, ಅಜ್ಜಿ ಮಾತಾಡಿರಲಿಲ್ಲ. ಇವಳೇನು ಕಡಿಮೆ?

ಹುಡುಗ ಅಳಿಯನಾದ. ತನ್ನ ಗಂಡ ತೀರಿಕೊಂಡು ವಿಜಯವಾಡದ ಮಗಳ ಮನೆ ಸೇರಿದ ಮೇಲೂ ಶಪಥ ಅಲುಗಲಿಲ್ಲ. ಹೇಳುವುದೇನಿದ್ದರೂ ಮಗಳು ವಿಜಯಲಕ್ಷ್ಮಿಯ ಮೂಲಕ. ಮಗಳಿಲ್ಲದಾಗ ನಡುಮನೆಯ ಕಂಬದ ಮೂಲಕ. "ಕಂಬಪ್ಪಾ, ಸಾರು ಆರಾಕತ್ತೈತಿ" ಎಂದರೆ ಅಳಿಯ ಕೈತೊಳೆದು ಬಂದು ಕೂರುವನು. ಅವನೂ ಮರ್ಯಾದೆಯಲ್ಲಿ ಏನೂ ಕಮ್ಮಿಯಿಲ್ಲ. ತಾಯಿ ಮಗಳು ಮಾತಿಗೆ ಕೂತರೆ ಸಾಕು, ತನ್ನ ಕಿವಿಗೆ ಬೀಳಬಾರದೆಂದು ರೇಡಿಯೋ ಜೋರು ಮಾಡುವನು.

ಎಂಬತ್ತೆಂಟರ ಬೇಸಿಗೆಯಲ್ಲಿ ಅವನೊಂದು ಟ್ರೈಲರು ತಯಾರಿಸಿದ. ಹಳೇ ಜೀಪಿನ ಗಾಲಿ, ಮೇಲೆ ಹಲಗೆ, ಸುತ್ತ ಕಟಕಟೆ. ವಿಶಾಖಪಟ್ಟಣದಾಚೆಯ ಭೀಮಿಲಿ ದಾಟಿದ ಮೇಲೆ ಕಡಲ ದಂಡೆಗೆ ಒಂದು ಬೆಸ್ತರ ಹಳ್ಳಿಯಿದೆಯಂತೆ, ಅಲೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲವಂತೆ.

"ಹೋಟೆಲ್ ಯಾಕೆ? ಮನೇನೇ ಎಳಕೊಂಡು ಹೋಗೋಣ!" ಎಂದ.

"ದಾರಿ ಗೊತ್ತೇನ್ರೀ? ಯಾರನ್ನಾರ ಕೇಳ್ರಿ" ಎಂದಳು ಹೆಂಡತಿ.

"ಸೂರ್ಯಪ್ರಕಾಶ ಯಾರನ್ನೂ ಏನೂ ಕೇಳೋದಿಲ್ಲ!"

ಸ್ಟವ್ವು, ಹಾಸಿಗೆ, ಉಪ್ಪಿನಕಾಯಿ ಜಾಡಿ, ಬೀಗರ ಆರಾಮಕುರ್ಚಿ, ಎಲ್ಲ ಟ್ರೈಲರು ಏರಿತು. ಅಂಬಾಸಿಡರ್ ಕಾರು ಅದನ್ನು ಎಳೆದುಕೊಂಡು ವಿಜಯವಾಡ, ಅಂದರೆ ಮನೆಯವರ ಬಾಯಲ್ಲಿ ಬೆಜವಾಡ, ಬಿಟ್ಟಿತು. ಅನ್ನವರಂನಲ್ಲಿ ರಾತ್ರಿ ಕಳೆದು, ದುವ್ವಾಡ ಹಿಂದೆ ಹಾಕಿ, ವಿಶಾಖಪಟ್ಟಣವನ್ನೂ ದಾಟಿದ್ದಾಯಿತು. ಭೀಮಿಲಿಯಲ್ಲಿ ಕಾಫಿಗೆ ನಿಂತಾಗ ಈಶ್ವರಯ್ಯನವರು, "ಕಾರಿನ ಪೆಟ್ರೋಲ್ ವಾಸನೆಗೆ ತಲೆ ತಿರುಗುತ್ತೆ ನಾಯನಾ. ಇನ್ನು ಸ್ವಲ್ಪ ದೂರ ತಾನೇ? ನಾನು ಗಾಳಿಗೆ ಕೂತ್ಕೋತೀನಿ" ಎಂದು ಟ್ರೈಲರಿನ ಆರಾಮಕುರ್ಚಿಯಲ್ಲಿ ವಿರಾಜಮಾನರಾದರು. ತಲೆಗೆ ಟವೆಲು ಸುತ್ತಿ, ಪಲ್ಲಕ್ಕಿ ಏರಿದ ಪೀಠಾಧಿಪತಿಯಂತೆ ಕಣ್ಣು ಮುಚ್ಚಿದರು.

ಹಿಂದಿನ ಸೀಟಿನಲ್ಲಿ ಹೈಮಾವತಿ, ಪಕ್ಕದಲ್ಲಿ ಮಗಳು. ವಾಂತಿಯ ಮಾತ್ರೆ ನುಂಗಿದ್ದ ಮಗಳು ಬಾಯ್ತೆರೆದು ಮಲಗಿದ್ದಳು. ಏರುದಾರಿಯಲ್ಲಿ ಹಿಂದೇನೋ ಕಟಕಟ ಎಂದಿತು. ಹೈಮಾವತಿ ಹಿಂದಿನ ಗಾಜಿನಲ್ಲಿ ನೋಡಿದಳು. ಟ್ರೈಲರನ್ನು ಕಾರಿಗೆ ಸಿಕ್ಕಿಸಿದ ಕೊಂಡಿಗೆ ಸುತ್ತಿದ್ದ ತಂತಿ ಬಿಚ್ಚಿಕೊಂಡು ಗಾಳಿಯಲ್ಲಿ ಆಡುತ್ತಿದೆ. ಅದೇ ತಂತಿ! ಕುರ್ಚಿಯ ತಂತಿ!

"ಏ ವಿಜೀ, ಏಳ! ಕೊಂಡಿ ಬಿಚ್ಚಾಕತ್ತೈತಿ!" ಎಂದು ಮಗಳನ್ನು ತಿವಿದಳು. ಮಗಳು ಗೊರಕೆಯ ರಾಗ ಬದಲಿಸಿದಳು, ಅಷ್ಟೇ.

ಕಾರಿನಲ್ಲಿ ಕಂಬವೆಲ್ಲಿಂದ ತರುವುದು? ಮುಂದಿನ ಸೀಟಿನ ಬೆನ್ನಿಗೇ ಹೇಳಿದಳು: "ಸೀಟಪ್ಪಾ, ಹಿಂದ ಸ್ವಲ್ಪ ನೋಡಪ್ಪಾ! ಬೀಗರು ಅದರಾಗ ಅದಾರ!"

ತಾಯಿ ಮಗಳು ಏನೋ ಗುಟ್ಟು ಮಾತಾಡುತ್ತಿದ್ದಾರೆ, ಕೇಳಬಾರದು ಎಂದುಕೊಂಡ ಅಳಿಯ, ಸಭ್ಯನಾಗಿ ಟೇಪ್ ರೆಕಾರ್ಡರ್ ಜೋರು ಮಾಡಿದ!

ಹೈಮಾವತಿ ದನಿ ಏರಿಸಿದಳು. ಅವನು ಇನ್ನಷ್ಟು ಸಭ್ಯನಾದ. ಕಾರಿನ ತುಂಬ ನಾಗಸ್ವರ!

ಅಷ್ಟರಲ್ಲಿ ಟಣ್ ಎಂದು ಕೊಂಡಿ ಕಳಚಿತು. ಬೀಗರನ್ನು ಹೊತ್ತ ಟ್ರೈಲರು ಒಂದು ಗಳಿಗೆ ಯೋಚಿಸುವಂತೆ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯತೊಡಗಿತು. ಕೆಳಗಿನಿಂದ ಬಸ್ಸು ಬಂದರೆ? ಮನೆತನ, ಪದ್ಧತಿ, ಅವ್ವ, ಅಜ್ಜಿ, ಎಲ್ಲರೂ ಒಟ್ಟಿಗೆ ಸಮುದ್ರಕ್ಕೆ ಬಿದ್ದರು.

"ಲೇ ಸೂರ್ಯಾ! ನಿಲ್ಲಸಲೇ! ನಿಮ್ಮಪ್ಪ ತಿರುಗಿ ಬೆಜವಾಡಕ್ಕ ಹೊಂಟಾನ!"

ಕಾರು ಕಿರುಚಿ ನಿಂತಿತು. ಅದು ಅಪ್ಪನಿಗಾಗಿ ಹಾಕಿದ ಬ್ರೇಕಲ್ಲ. ಅತ್ತೆ ಮಾತಾಡಿದ ಆಘಾತಕ್ಕೆ ಬಿದ್ದ ಬ್ರೇಕು! ಅವನು ತಿರುಗಿ ನೋಡುವಾಗ ಟ್ರೈಲರು ರಸ್ತೆ ಬಿಟ್ಟು ಗಾಳಿಮರಗಳ ನಡುವೆ ಮಾಯವಾಗುತ್ತಿತ್ತು.

ಬ್ರೇಕಿನ ಹೊಡೆತಕ್ಕೆ ಎಚ್ಚೆತ್ತ ಮಗಳೂ ಸೇರಿ ಮೂವರೂ ಓಡಿದರು. ಮರಗಳಾಚೆ ಮರಳಿನಲ್ಲಿ ಗಾಲಿ ಹೂತು ಟ್ರೈಲರು ನಿಂತಿತ್ತು. ಬೀಗರು ಕುರ್ಚಿಯಲ್ಲೇ ಇದ್ದರು. ಸುತ್ತ ಬೆಸ್ತರ ಹೆಂಗಸರು. ಬೀಗರ ಕೈಯಲ್ಲಿ ಅವರು ಸುಲಿದುಕೊಟ್ಟ ತಾಟಿನುಂಗು.

"ಏಮಿರಾ ಸೂರ್ಯಂ, ಇಷ್ಟು ಲೇಟು? ಊರು ಬಂದು ಎಷ್ಟೊತ್ತಾಯ್ತು!" ಎಂದರು ಬೀಗರು.

ನಿಜಕ್ಕೂ ಊರು ಬಂದಿತ್ತು! ಇವರು ಹುಡುಕಿ ಹೊರಟ ಹಳ್ಳಿ ಅದೇ. ಯಾರನ್ನೂ ಕೇಳದ ಸೂರ್ಯಪ್ರಕಾಶ ತಿರುವು ಬಿಟ್ಟು ಮುಂದೆ ಹೋಗಿದ್ದ. ಡ್ರೈವರಿಲ್ಲದ ಟ್ರೈಲರು ಸರಿಯಾದ ಜಾಗದಲ್ಲಿ ತಿರುಗಿತ್ತು. ಉಪ್ಪಿನಕಾಯಿ ಜಾಡಿ ಸಹ ಒಡೆದಿರಲಿಲ್ಲ. ವಿಜಯಲಕ್ಷ್ಮಿ ಅಳುತ್ತ ನಕ್ಕಳು, ನಗುತ್ತ ಅತ್ತಳು.

ಹೈಮಾವತಿಗೆ ಮಾತ್ರ ಜೀವ ಬಂದ ಹಿಂದೆಯೇ ನಾಚಿಕೆಯೂ ಬಂತು. ಅಳಿಯನಿಗೆ ಆಡಿದ ಮೊದಲ ಮಾತೇ 'ಲೇ'! ಬೀಗರಿಗೆ ಏಕವಚನ! ಮುಖದ ತುಂಬ ಸೆರಗು ಎಳೆದುಕೊಂಡು ಒಂದು ಗಾಳಿಮರದ ಹಿಂದೆ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಮರದ ಆ ಕಡೆ ಹೆಜ್ಜೆ ಸಪ್ಪಳವಾಯಿತು. ಅಳಿಯ ಬಂದು, ಬೆನ್ನು ತಿರುಗಿಸಿ ನಿಂತು, ಕೈಯಲ್ಲಿದ್ದ ತಂತಿಯನ್ನು ದೂರ ಎಸೆದ. ಆಮೇಲೆ ಗಂಟಲು ಸರಿಮಾಡಿಕೊಂಡು, ಜನ್ಮದಲ್ಲೇ ಮೊದಲ ಬಾರಿಗೆ, ಕೇಳಿದ:

"ಮರಪ್ಪಾ, ವಾಪಸ್ ಹೋಗುವಾಗ ನಮ್ಮ ಅತ್ತೆಗಾರು ಆ 'ಲೇ' ಅನ್ನೋದನ್ನ ಸ್ವಲ್ಪ ಮೊದಲೇ ಅಂದ್ಬಿಡ್ತಾರಾ?"