ಮೂರು ಗೂಟ, ಒಂದಚ್ಚು ಬೆಲ್ಲ

ಒಳ್ಳೆಯ ಉದ್ದೇಶದಿಂದ ನಾನು ಏನು ಹೇಳಿದರೂ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಅದು ಸಂಜೆಯೊಳಗೆ ನನ್ನ ಮೇಲೇ ತಿರುಗಿ ಬೀಳುತ್ತದೆ. ನಂಜನಗೂಡಿಗೆ ಮೇಟ್ರನ್ ಆಗಿ ಬಂದ ದಿನದಿಂದ ಹೀಗೇ.

೧. ಪ್ರಾರ್ಥನೆಯ ನಂತರ

ಹಿರಿಯ ಆಯಾ ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಹೇಳಿದಳು. ಅವಳಿಲ್ಲದೆ ಹೆರಿಗೆ ವಾರ್ಡು ಒಂದು ದಿನವೂ ನಡೆಯದು. 'ಇರು' ಎಂದು ಕೇಳಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಆದ್ದರಿಂದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ದುಡಿಮೆಯ ಘನತೆಯ ಬಗ್ಗೆ ಮಾತಾಡಿದೆ. ಕಾನ್ವೆಂಟಿನಲ್ಲಿ ಕಲಿತ ಫ್ರೆಂಚನ್ನು ನಾನಿನ್ನೂ ಮರೆತಿಲ್ಲ.

"ಕೆಲಸ ಮಾಡುವುದಕ್ಕೆ ಫ್ರೆಂಚರು 'ತ್ರಾವಾಯೆ' ಎನ್ನುತ್ತಾರೆ. ಎಷ್ಟು ಸೊಗಸಾದ ಕ್ರಿಯಾಪದ," ಎಂದೆ.

ಹೊಸ ನರ್ಸ್ ಮೊಬೈಲ್ ತೆಗೆದು ನೋಡಿದಳು. "ಮೇಡಂ, ಇದರ ಮೂಲ ಲ್ಯಾಟಿನ್ ಅಂತೆ. ಮೂರು ಗೂಟಕ್ಕೆ ಕಟ್ಟಿ ಹಿಂಸೆ ಕೊಡೋದು ಅಂತ ಅರ್ಥವಂತೆ."

ಕಾನ್ವೆಂಟಿನ ಸಿಸ್ಟರುಗಳು ಇದನ್ನು ನಮಗೆ ಹೇಳಿರಲೇ ಇಲ್ಲ. ನಾನು ದಂಗಾಗಿ ನಿಂತೆ. ಉಳಿದವರಲ್ಲಿ ಒಬ್ಬರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ.

೨. ವಾರ್ಡಿನಲ್ಲಿ

ಮಧ್ಯಾಹ್ನ ಮಾತನ್ನು ಸರಿಪಡಿಸಲು ನೋಡಿದೆ. ಆ ಮೂರು ಗೂಟದ ಪದ ಹೆರಿಗೆ ನೋವಿಗೂ ಸಲ್ಲುತ್ತದೆ, ನೋವಿನ ಕೊನೆಗೆ ಫಲವಿದೆ ಎಂದು ಆಯಾಗೆ ಕೇಳಿಸುವಂತೆ ನರ್ಸಿಗೆ ವಿವರಿಸಿದೆ. ನೋವು ತಿನ್ನುತ್ತ ಮಲಗಿದ್ದ ಬಿಳಿಗೆರೆಯ ಹೆಂಗಸು ಹಲ್ಲು ಕಚ್ಚಿಕೊಂಡೇ ಕೇಳಿದಳು:

"ಆ ಪದ ಮಾಡ್ದೋರು ಗಂಡಸ್ರೋ, ಎಂಗಸ್ರೋ?"

"ಗಂಡಸರೇ ಇರಬೇಕು."

"ಅದ್ಕೇ ಮೂರೇ ಗೂಟಕ್ಕೆ ನಿಲ್ಸವ್ರೆ."

೩. ಬೆಲ್ಲ

ಸಂಜೆ ಆಯಾಳನ್ನು ನನ್ನ ಕೋಣೆಗೆ ಕರೆದು ಕಾರಣ ಕೇಳಿದೆ.

"ನಮ್ಮಪ್ಪ ಎತ್ತಿಗೆ ಲಾಳ ಕಟ್ತಿದ್ದ ಮೇಡಮ್ಮೋರೇ. ಅವ್ನೂ ಕಾಲು ಕಟ್ಟಾಕಿನೇ ಲಾಳ ಒಡೀತಿದ್ದ. ಆದ್ರೆ ಬಿಚ್ಚೋ ಮುಂಚೆ ಎತ್ತಿನ ಕತ್ತು ತುರ್ಸಿ, ಬಾಯಿಗೆ ಬೆಲ್ಲ ಇಕ್ತಿದ್ದ. ಇಪ್ಪತ್ತು ವರ್ಸ ದುಡ್ದಿವ್ನಿ. ಒಂದ್ಸಲನಾರ ಚೆಂದಾಗಿ ಮಾಡ್ದೆ ಕಣೆ ಅಂದಿದ್ದೀರಾ?"

ಅಂದಿರಲಿಲ್ಲ. ತಪ್ಪಾದಾಗ ಮಾತ್ರ ಬಾಯಿ ತೆರೆಯುವುದು ನನ್ನ ಶಿಸ್ತು. ಅದು ಯಾರನ್ನಾದರೂ ನೋಯಿಸೀತು ಎಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ನನ್ನ ಕೋಣೆಯಲ್ಲಿ ಒಂದಚ್ಚು ಬೆಲ್ಲವನ್ನು ತಟ್ಟೆಯಲ್ಲಿಟ್ಟು, ಇಸ್ತ್ರಿ ಮಾಡಿದ ಕರವಸ್ತ್ರ ಮುಚ್ಚಿ, ಅವಳ ಮುಂದೆ ಸರಿಸಿದೆ. ಅವಳು ಕರವಸ್ತ್ರ ಎತ್ತಿ ನೋಡಿ ಮತ್ತೆ ಮುಚ್ಚಿದಳು.

"ನಂಗೆ ಸುಗರ್ ಅದೆ ಮೇಡಮ್ಮೋರೇ."

"ಹಾಗಾದರೆ?"

"ಕತ್ತು ತುರ್ಸಿದ್ರೂ ಆಯ್ತದೆ. ಇರ್ತೀನಿ."

ನಾನು ಎದ್ದು ಬಾಗಿಲಿನ ಚಿಲಕ ಹಾಕಿ, ಕೈ ತೊಳೆದುಕೊಂಡು ಬಂದು, ಎರಡು ಬೆರಳಿನಿಂದ ತುರಿಸಿದೆ.

"ಒಸಿ ಎಡಕ್ಕೆ," ಎಂದಳು.