ಮುಖ ಕಾಣುವ ಈಜು

ಈಜುಸ್ಪರ್ಧೆಯ ಛಾಯಾಚಿತ್ರಗಳಲ್ಲಿ ನೀರು ಅಗತ್ಯಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದು ಕ್ರೀಡಾ ಇಲಾಖೆಯ ಗಮನಕ್ಕೆ ಬಂದಿತು.

ಗಮನಕ್ಕೆ ತಂದುಕೊಂಡವರು ಸ್ವತಃ ನಿರ್ದೇಶಕರು. ಅವರು ಇಲಾಖೆಯ ಛಾಯಾಗ್ರಾಹಕರನ್ನು ಕರೆಸಿದರು.

"ಏನ್ರೀ ಇದು? ಒಂದು ಟೋಪಿ, ಒಂದು ಮೊಣಕೈ, ಮಿಕ್ಕಿದ್ದೆಲ್ಲಾ ನೊರೆ. ಪ್ರತಿ ವರ್ಷ ಇದೇನಾ? ಏನಾದ್ರೂ ಹೊಸದಾಗಿ ತೆಗೀರಿ."

ಛಾಯಾಗ್ರಾಹಕರು ಶ್ರದ್ಧಾವಂತರು. ಕ್ಯಾಮೆರಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಳದ ತಳದಿಂದ ತೆಗೆದರು. ಹುಡುಗಿಯೊಬ್ಬಳು ಗುಳ್ಳೆಗಳ ನಡುವೆ ಹಾರಿಹೋಗುತ್ತಿರುವಂತೆ ಕಾಣುವ ಅಪರೂಪದ ಚಿತ್ರ. ಆದರೆ ದಡದಲ್ಲಿ ಕುಳಿತಿದ್ದ ನಿರ್ದೇಶಕರು ಅದರಲ್ಲಿ ನೀರಿನ ಅಲೆಯೊಂದಿಗೆ ಅಲುಗಾಡುತ್ತಿದ್ದರು. ನಿರ್ದೇಶಕರು ಅಲುಗಾಡುವುದು ಇಲಾಖೆಗೆ ಶೋಭೆಯಲ್ಲವೆಂದು ಚಿತ್ರ ತಿರಸ್ಕೃತವಾಗಿ, ಸುತ್ತೋಲೆ ಹೊರಟಿತು: "ಸ್ಪರ್ಧಿಯ ಮುಖ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣತಕ್ಕದ್ದು. ಕಾಣದವರು ಸ್ಪರ್ಧಿಸಿಲ್ಲವೆಂದು ಭಾವಿಸತಕ್ಕದ್ದು."

ಚಿತ್ರದಲ್ಲಿ ಹಾರಿದ್ದ ಹುಡುಗಿಗೆ ಎಲ್ಲರೂ ಮಿಂಚುಳ್ಳಿ ಅನ್ನುತ್ತಿದ್ದರು. ಅವಳ ಚಿಕ್ಕಮ್ಮನೇ ಅವಳ ತರಬೇತುದಾರಳು. ಮುಂದಿನ ಸ್ಪರ್ಧೆಯಲ್ಲಿ ಮಿಂಚುಳ್ಳಿ ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದಳು. ಚಿತ್ರದಲ್ಲಿ ಬರೀ ನೊರೆ. ಬಹುಮಾನ, ಅರ್ಧದಲ್ಲೇ ಹಗ್ಗ ತಬ್ಬಿ ನಿಂತಿದ್ದ ಹುಡುಗಿಗೆ ಹೋಯಿತು.

"ಸರ್, ನಾನು ಈಜಿ ಮುಗಿಸಲೇ ಇಲ್ಲ. ಕಾಲು ಹಿಡ್ಕೊಂಡಿತ್ತು," ಎಂದಳು ಅವಳು.

"ವಿನಯ ಇರಬೇಕು, ಇಷ್ಟೊಂದು ಬೇಡಮ್ಮ. ತಗೋ," ಎಂದರು ನಿರ್ದೇಶಕರು.

ಚಿಕ್ಕಮ್ಮ ಕಚೇರಿಗೆ ನುಗ್ಗಿದಳು. "ನಮ್ಮ ಹುಡುಗಿ ಮೊದಲು ಬಂದಿದ್ದನ್ನ ಊರೆಲ್ಲಾ ನೋಡಿದೆ ಸರ್!"

"ಊರು ನೋಡಿದ್ದಕ್ಕೆ ಕಡತದಲ್ಲಿ ಜಾಗ ಇಲ್ಲಮ್ಮ. ಹುಡುಗಿ ವಿಪರೀತ ವೇಗ. ತಿದ್ದಿಕೊಳ್ಳಲಿ. ಇಲ್ಲಾಂದ್ರೆ ವಿದೇಶಕ್ಕೆ ಹೋಗೋ ತಂಡದಲ್ಲಿ ಜಾಗ ಕಷ್ಟ."

ತಂಡ ಅಂದರೆ ಮಿಂಚುಳ್ಳಿಗೆ ಪ್ರಾಣ. ಮರುದಿನದಿಂದ ಚಿಕ್ಕಮ್ಮ ದಡದಲ್ಲಿ ನಿಂತು, "ನಿಧಾನ ಕಣೇ! ಕತ್ತೆತ್ತು! ನಗು!" ಎಂದು ಕೂಗತೊಡಗಿದಳು. ಮಿಂಚುಳ್ಳಿ ನಕ್ಕಳು, ನೀರು ಕುಡಿದಳು, ಕೆಮ್ಮಿದಳು, ಮತ್ತೆ ನಕ್ಕಳು. ಉಳಿದವರೂ ಅದನ್ನೇ ಕಲಿತರು. ಕೊಳದ ತುಂಬಾ ಕೆಮ್ಮು.

ಕೆಮ್ಮುವ ಮುಖಗಳು ಚಿತ್ರಕ್ಕೆ ಯೋಗ್ಯವಲ್ಲ. ತಜ್ಞರ ಸಮಿತಿ ಕೂಲಂಕಷವಾಗಿ ಪರಿಶೀಲಿಸಿ, ದೋಷವೆಲ್ಲ ನೀರಿನದೆಂದು ವರದಿ ಕೊಟ್ಟಿತು. ಕೊಳ ಬರಿದು ಮಾಡಿ, ತಳದಲ್ಲಿ ಸ್ಟೂಲುಗಳನ್ನು ಹಾಕಲಾಯಿತು. ಸ್ಪರ್ಧಿಗಳು ಅವುಗಳ ಮೇಲೆ ಬೋರಲಾಗಿ ಮಲಗಿ ಕೈಕಾಲು ಬಡಿದರು. ನಿರ್ದೇಶಕರ ಕುರ್ಚಿಯನ್ನೂ ಕೊಳದೊಳಗೇ ಇಳಿಸಿದ್ದರಿಂದ ಪ್ರತಿ ಚಿತ್ರದಲ್ಲೂ ಅವರು ನಿಶ್ಚಲರಾಗಿ ಮೂಡಿಬಂದರು. ಮುಳುಗುವ ಭಯ ತಪ್ಪಿತೆಂದು ತಂದೆತಾಯಂದಿರು ಇಲಾಖೆಯನ್ನು ಅಭಿನಂದಿಸಿದರು. ಎಲ್ಲರಿಗಿಂತ ಚೆನ್ನಾಗಿ ನಕ್ಕ ಮಿಂಚುಳ್ಳಿ ಪ್ರಥಮ ಸ್ಥಾನ ಪಡೆದು ತಂಡ ಸೇರಿದಳು.

ತಂಡ ವಿದೇಶಕ್ಕೆ ಹೋಯಿತು. ಅಲ್ಲಿನ ಕೊಳದಲ್ಲಿ ಅಂಚಿನವರೆಗೂ ನೀರು ತುಂಬಿಸಿದ್ದನ್ನು ಕಂಡು ನಿರ್ದೇಶಕರು ಲಿಖಿತ ಪ್ರತಿಭಟನೆ ಸಲ್ಲಿಸಿದರು. ಮಿಂಚುಳ್ಳಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೀರಿಗೆ ಬೆರಳು ಅದ್ದಿದಳು.

"ಚಿಕ್ಕಮ್ಮಾ, ಒಂದೇ ಒಂದು ಸಲ ಇಳೀಲಾ?"

"ಹುಚ್ಚೇನೇ ನಿಂಗೆ? ನಾಳೆ ಸ್ಪರ್ಧೆ ಇಟ್ಕೊಂಡು ಯಾರಾದ್ರೂ ಈಜ್ತಾರಾ?" ಎಂದಳು ಚಿಕ್ಕಮ್ಮ.

ಮಿಂಚುಳ್ಳಿ ಬೆರಳು ಒರೆಸಿಕೊಂಡು, ಸ್ಟೂಲು ಹುಡುಕಿಕೊಂಡು ಹೋದಳು.