ಅಳಿಸಿದರೂ ವಾಪಸ್ ಬಂದ ವರ

ಐದು ನಿಮಿಷದ ಕೆಲಸ ಎಂದು ಹೆಂಡತಿ ಸುಮಾಗೆ ಹೇಳಿಯೇ ನಾನು ಮನೆ ಬಿಟ್ಟಿದ್ದು. ಒಂದು ವಧೂವರರ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಅದರ ಒಂದು ಆಫೀಸು ನಮ್ಮ ಗೋಪಾಳ ಬಡಾವಣೆಯಲ್ಲಿ, ಇನ್ನೊಂದು ಭದ್ರಾವತಿಯಲ್ಲಿ. ಇಲ್ಲಿ ಬರೆದದ್ದರ ಪ್ರತಿ ಅಲ್ಲಿಗೂ, ಅಲ್ಲಿಯದು ಇಲ್ಲಿಗೂ ತಾನಾಗಿ ಹೋಗುತ್ತದೆ; ಒಂದು ಕೆಟ್ಟರೆ ಇನ್ನೊಂದು ಉಳಿದಿರಲಿ ಎಂದು. ಎರಡು ದಿನದಿಂದ ಕರೆಂಟು ಹೋಗಿ ಬಂದು ಆಟವಾಡಿದ್ದರಿಂದ, ಪ್ರತಿಗಳು ಸರಿಯಾಗಿ ತಲುಪುತ್ತಿವೆಯೇ ಎಂದು ನೋಡಬೇಕಿತ್ತು.

"ಸರಿಯಾಗಿ ನೋಡಿ. ಅಪ್ಪ ಇವತ್ತು ವಾಣಿಗೆ ಗಂಡು ಹುಡುಕೋಕೆ ಭದ್ರಾವತಿ ಆಫೀಸಿಗೇ ಹೋಗ್ತಾರೆ," ಎಂದಳು ಸುಮಾ.

ವಾಣಿ ಅವಳ ತಂಗಿ. ಮಾವ ಕಾರ್ಖಾನೆಯಿಂದ ನಿವೃತ್ತರಾದವರು, ಒಂದು ಬೋಲ್ಟ್ ಸಡಿಲವಿದ್ದರೂ ಒಪ್ಪದ ಮನುಷ್ಯ. ನಮ್ಮದು ಜಾತಕ ನೋಡದೆ ಆದ ಮದುವೆ. ನನ್ನನ್ನು ಅಳಿಯನೆಂದು ಒಪ್ಪಲು ಅವರಿಗೆ ಹತ್ತು ವರ್ಷ ಹಿಡಿದಿತ್ತು.

ಪರೀಕ್ಷೆ ಸುಲಭ. ಇಲ್ಲಿ ಒಬ್ಬ ಸುಳ್ಳು ವರನನ್ನು ಸೇರಿಸುವುದು, ಅಲ್ಲಿಗೆ ಬಂದನೇ ಎಂದು ಕೇಳುವುದು, ಅಳಿಸುವುದು. ಹೆಸರು ಟೆಸ್ಟ್ ಕುಮಾರ್ ಎಂದು ಕೊಟ್ಟೆ. ಆದರೆ ನಕ್ಷತ್ರ, ಪಾದ, ರಾಶಿ ತಾಳೆಯಾಗದೆ ಕಂಪ್ಯೂಟರ್ ಒಪ್ಪುವುದೇ ಇಲ್ಲ! ನನಗೆ ಬಾಯಿಪಾಠ ಇದ್ದದ್ದು ನನ್ನದೊಂದೇ. ಹಾಕಿದೆ. ಫೋಟೋ ಕೇಳಿತು. ಮೊಬೈಲಿನಲ್ಲಿ ವರನಂತೆ ಕಾಣುವ ಫೋಟೋ ಎಂದರೆ ನಮ್ಮ ಮದುವೆಯದು. ಪಕ್ಕದಲ್ಲಿದ್ದ ಸುಮಾಳನ್ನು ಕತ್ತರಿಸಿ ಹಾಕಿದೆ. ವಯಸ್ಸಿನಲ್ಲಿ ಹತ್ತು ವರ್ಷ ಇಳಿಸಿದೆ. ಪರೀಕ್ಷೆಗೆ ತಾನೇ!

ಭದ್ರಾವತಿ ಆಫೀಸಿನ ರೇವತಿ ಫೋನಿನಲ್ಲಿ, ಬಂತು ಸಾರ್, ಎಂದರು. ಗೆದ್ದೆ ಎಂದುಕೊಂಡು ವರನನ್ನು ಅಳಿಸಿ ಊಟಕ್ಕೆ ಮನೆಗೆ ಬಂದೆ. ಅಷ್ಟು ಹೊತ್ತಿಗೆ ಸರಿಯಾಗಿ ಭದ್ರಾವತಿಯಲ್ಲಿ ಕರೆಂಟು ಹೋಗಿತ್ತೆಂದು ನನಗೇನು ಗೊತ್ತು? ಅಳಿಸಿದ ಸುದ್ದಿ ಅಲ್ಲಿಗೆ ಮುಟ್ಟಲೇ ಇಲ್ಲ. ಕರೆಂಟು ಬಂದ ಮೇಲೆ ಅಲ್ಲಿನ ಯಂತ್ರ, ಅಯ್ಯೋ ಪಾಪ, ಗೋಪಾಳದಲ್ಲಿ ಒಬ್ಬ ವರ ಕಳೆದುಹೋಗಿದ್ದಾನೆಂದು ತಿಳಿದು, ಅವನನ್ನು ಜೋಪಾನವಾಗಿ ಇಲ್ಲಿಗೂ ವಾಪಸ್ ಕಳಿಸಿತು.

ಸಾರನ್ನ ಕಲಸುತ್ತಿದ್ದೆ, ಮಾವನ ಫೋನು ಬಂತು. ಸುಮಾ ಸ್ಪೀಕರ್ ಹಾಕಿದಳು.

"ವಾಣಿಗೆ ಒಂದು ಗಂಡು ಸಿಕ್ಕಿದೆ ಕಣಮ್ಮ. ಮೂವತ್ತಾರಕ್ಕೆ ಮೂವತ್ತು ಗುಣ ಕೂಡುತ್ತೆ. ಫೋಟೋದಲ್ಲಿ ನಿನ್ನ ಗಂಡ ಇದಾರೆ."

ಹಿಂದೆಯೇ ಫೋಟೋ ವಾಟ್ಸಾಪಿಗೆ ಬಂತು. ಸುಮಾ ಅದನ್ನು ದೊಡ್ಡದು ಮಾಡಿ ನೋಡಿದಳು. ನನ್ನ ತೋಳಿನ ಮೇಲೆ, ಕತ್ತರಿಸುವಾಗ ತಪ್ಪಿಸಿಕೊಂಡ ಒಂದು ಕೈ ಉಳಿದಿತ್ತು.

"ಈ ಬಳೆ ನಂದಲ್ವಾ?"

ಲ್ಯಾಪ್‌ಟಾಪ್ ತೆರೆದು ಅವಳೆದುರಿಗೇ ಅಳಿಸಿ ತೋರಿಸಿದೆ. ಅದೇ ಹೊತ್ತಿಗೆ ಭದ್ರಾವತಿಯ ಕರೆಂಟು ಮತ್ತೆ ಹೋಗಿ ಬಂತು. ಟೆಸ್ಟ್ ಕುಮಾರನೂ ನಗುತ್ತಾ ಬಂದ!

"ಇಷ್ಟೊಂದು ಆಸೆನಾ ಮಾರಾಯ್ರೆ?" ಎಂದಳು.

ಎರಡೂ ಕಡೆ ಒಟ್ಟಿಗೆ ಅಳಿಸದೆ ಬೇರೆ ದಾರಿಯಿರಲಿಲ್ಲ. ಬೈಕು ಹತ್ತಿ ಭದ್ರಾವತಿಗೆ ಓಡಿದೆ. ಮಾವ ಆಫೀಸಿನ ಬೆಂಚಿನ ಮೇಲೆ ಕೂತಿದ್ದರು. ಕರೆಂಟು, ಪ್ರತಿ, ಪರೀಕ್ಷೆ ಎಂದು ನಾನು ತೊದಲಿದ್ದನ್ನೆಲ್ಲ ಪೂರ್ತಿ ಕೇಳಿದರು. ನಂಬಿದರು ಕೂಡ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ರೇವತಿಯ ಕಡೆ ತಿರುಗಿದರು.

"ಅಳಿಸಿಬಿಡಮ್ಮ. ಅದಕ್ಕೆ ಮುಂಚೆ, ಹೆಂಗೂ ಇವ್ರ ಜಾತಕ ಒಳಗಿದೆಯಲ್ಲ, ನಮ್ಮ ಸುಮಾಳ ಜಾತಕಾನೂ ಒಂದ್ಸಲ ಕೂಡಿಸಿ ನೋಡು."

ಮೂವತ್ತಾರಕ್ಕೆ ಹನ್ನೊಂದು.

ರೇವತಿ ಪ್ರಿಂಟ್ ತೆಗೆದುಕೊಟ್ಟ ಹಾಳೆಯನ್ನು ಮಾವ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ನಾನು ವರನನ್ನು ಎರಡೂ ಕಡೆಯಿಂದ ಅಳಿಸಿ, ಪ್ರತಿಗಳು ಸರಿಯಾಗಿ ತಲುಪುತ್ತಿವೆ ಎಂದು ವರದಿ ಬರೆದು, ಸಂಜೆ ಮನೆಗೆ ಬಂದೆ. ಸುಮಾ ಬಾಗಿಲಲ್ಲೇ ನಿಂತಿದ್ದಳು.

"ಹನ್ನೊಂದಂತೆ," ಎಂದಳು.

ನಾನು ಒಳಗೆ ಹೋಗಿ ನನ್ನ ಕಾಫಿ ನಾನೇ ಮಾಡಿಕೊಂಡೆ.